ಹೂತ ಗಾಳಿಗೆ ಬೆಲೆ ಕಟ್ಟಿದವರು

ಕಸದಿಂದ ರಸ ತೆಗೆಯುವುದು ಹಳೆಯ ಜಾಣತನ. ಸಗಣಿ ಗೊಬ್ಬರವಾಗುತ್ತದೆ, ಹರಿದ ಸೀರೆ ಕೌದಿಯಾಗುತ್ತದೆ, ಆಲೆಮನೆಯ ಕಬ್ಬಿನ ಸಿಪ್ಪೆ ಅದೇ ಒಲೆಗೆ ಉರುವಲಾಗುತ್ತದೆ. ಇಂಥ ಕಸಕ್ಕೆ ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದರೆ ಕಸವನ್ನು ಯಾರ ಕಣ್ಣಿಗೂ ಬೀಳದಂತೆ ನೆಲದೊಳಗೆ ಒಂದು ಕಿಲೋಮೀಟರ್ ಆಳದಲ್ಲಿ ಹೂಳಬೇಕು, ಅದು ಸಾವಿರಾರು ವರ್ಷ ಅಲ್ಲಿಯೇ ಉಳಿಯಬೇಕು ಎಂದರೆ ಅದರ ಖರ್ಚು ಕೊಡುವವರು ಯಾರು?

ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಉರಿಸಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಅಂಥದೊಂದು ಕಸ. ಜಗತ್ತು ಈಗ ವರ್ಷಕ್ಕೆ ಸುಮಾರು 3,700 ಕೋಟಿ ಟನ್ನಿನಷ್ಟು ಈ ಅನಿಲವನ್ನು ಆಕಾಶಕ್ಕೆ ಬಿಡುತ್ತಿದೆ. ಅದನ್ನು ಹಿಡಿದು, ಒತ್ತಿ ದ್ರವದಂತೆ ಮಾಡಿ, ಭೂಮಿಯ ಆಳದ ಶಿಲಾಪದರಗಳೊಳಗೆ ಸೇರಿಸುವ ವಿದ್ಯೆ ಎಂಜಿನಿಯರುಗಳಿಗೆ ಅರ್ಧ ಶತಮಾನದಿಂದ ಗೊತ್ತಿದೆ. ಗೊತ್ತಿಲ್ಲದೆ ಉಳಿದದ್ದು ಹಣದ ದಾರಿ. ಆ ದಾರಿಯನ್ನು ಹುಡುಕಿದ ಪ್ರಯತ್ನಗಳಿಗೂ ಒಂದು ಇತಿಹಾಸವಿದೆ. ಅದರ ಇತ್ತೀಚಿನ ಅಧ್ಯಾಯದ ಹೆಸರು ‘ಇಂಗಾಲ ನಿವಾರಣೆಯ ಕ್ರೆಡಿಟ್’: ಒಂದು ಟನ್ ಅನಿಲವನ್ನು ಗಾಳಿಯಿಂದ ತೆಗೆದು ಭದ್ರಪಡಿಸಲಾಗಿದೆ ಎಂದು ಸಾರುವ, ಕೊಳ್ಳಬಹುದಾದ, ಮಾರಬಹುದಾದ ಒಂದು ರಸೀದಿ.

ಮೊದಲ ಗಿರಾಕಿ ಎಣ್ಣೆ

ಮೊದಲ ಹಣ ಬಂದದ್ದು ಪರಿಸರದ ಕಾಳಜಿಯಿಂದಲ್ಲ. 1972ರಲ್ಲಿ ಅಮೆರಿಕದ ಪಶ್ಚಿಮ ಟೆಕ್ಸಾಸ್‌ನಲ್ಲಿ, ನೈಸರ್ಗಿಕ ಅನಿಲವನ್ನು ಶುದ್ಧಗೊಳಿಸುವ ಸ್ಥಾವರಗಳಿಂದ ಬೇರ್ಪಟ್ಟ ಇಂಗಾಲದ ಡೈಆಕ್ಸೈಡನ್ನು ಕೊಳವೆಯಲ್ಲಿ ಸಾಗಿಸಿ ಎಣ್ಣೆ ಬಾವಿಗಳೊಳಗೆ ಒತ್ತಲು ಆರಂಭಿಸಿದರು. ಬತ್ತುತ್ತಿದ್ದ ಬಾವಿಗಳಲ್ಲಿ ಬಂಡೆಗೆ ಅಂಟಿಕೊಂಡಿದ್ದ ಎಣ್ಣೆಯನ್ನು ಈ ಅನಿಲ ಸಡಿಲಗೊಳಿಸಿ ಮೇಲಕ್ಕೆ ತಳ್ಳುತ್ತಿತ್ತು. ಹೆಚ್ಚುವರಿ ಎಣ್ಣೆಯ ಲಾಭ ಎಲ್ಲ ಖರ್ಚನ್ನೂ ತುಂಬಿಕೊಟ್ಟಿತು. ಅನಿಲದ ಬಹುಪಾಲು ಬಂಡೆಯೊಳಗೇ ಉಳಿಯಿತು ಎಂಬುದು ಉಪಲಾಭ ಮಾತ್ರ. ಹೂತ ಕಸ ಹೊರತಂದದ್ದು ಮತ್ತೆ ಸುಡಲೆಂದೇ ಇರುವ ಎಣ್ಣೆಯನ್ನು. ಆಕಾಶದ ದೃಷ್ಟಿಯಿಂದ ಇದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ವ್ಯವಹಾರ.

ಎರಡನೆಯ ದಾರಿಯನ್ನು ತೆರೆದದ್ದು ನಾರ್ವೆ. 1991ರಲ್ಲಿ ಆ ದೇಶ ತನ್ನ ಸಮುದ್ರದ ಎಣ್ಣೆ ಮತ್ತು ಅನಿಲ ಕ್ಷೇತ್ರಗಳಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಮೇಲೆ ತೆರಿಗೆ ವಿಧಿಸಿತು. ಅದೇ ಹೊತ್ತಿಗೆ ಸರ್ಕಾರಿ ಕಂಪನಿಯಾಗಿದ್ದ ಸ್ಟಾಟೊಯಿಲ್ ಉತ್ತರ ಸಮುದ್ರದ ನಡುವೆ ಸ್ಲೈಪ್ನರ್ ಎಂಬ ಅನಿಲಕ್ಷೇತ್ರವನ್ನು ಅಭಿವೃದ್ಧಿಪಡಿಸುತ್ತಿತ್ತು. ನಾರ್ವೆಯ ಪುರಾಣದಲ್ಲಿ ಓಡಿನ್ ದೇವರ ಎಂಟು ಕಾಲಿನ ಕುದುರೆಯ ಹೆಸರು ಅದು. ಅಲ್ಲಿನ ಅನಿಲದಲ್ಲಿ ಶೇಕಡಾ 9ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತಿತ್ತು. ಯುರೋಪಿನ ಗಿರಾಕಿಗಳು ಒಪ್ಪುತ್ತಿದ್ದದ್ದು ಶೇಕಡಾ 2.5ರವರೆಗೆ ಮಾತ್ರ. ಹೀಗಾಗಿ ಹೇಗಿದ್ದರೂ ಅದನ್ನು ಬೇರ್ಪಡಿಸಲೇಬೇಕು. ಬೇರ್ಪಡಿಸಿದ ಮೇಲೆ ಗಾಳಿಗೆ ಬಿಟ್ಟರೆ ಪ್ರತಿ ಟನ್ನಿಗೂ ತೆರಿಗೆ ಕಟ್ಟಬೇಕು.

ಕಂಪನಿ ಲೆಕ್ಕ ಹಾಕಿತು. ತೆರಿಗೆ ಕಟ್ಟುವುದಕ್ಕಿಂತ ಹೂಳುವುದೇ ಅಗ್ಗವೆಂದು ಕಂಡಿತು. 1996ರಿಂದ ಸಮುದ್ರತಳದಡಿಯ ಉಟ್ಸಿರಾ ಎಂಬ ಮರಳುಗಲ್ಲಿನ ಪದರಕ್ಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಆಸುಪಾಸು ಅನಿಲ ಇಳಿಯತೊಡಗಿತು. ಹವಾಮಾನದ ಕಾರಣಕ್ಕಾಗಿಯೇ ದೊಡ್ಡ ಪ್ರಮಾಣದಲ್ಲಿ ಅನಿಲ ಹೂತ ಜಗತ್ತಿನ ಮೊದಲ ಯೋಜನೆ ಇದು. ಇದರ ಹಿಂದೆ ಯಾವ ಕ್ರೆಡಿಟ್ಟೂ ಇರಲಿಲ್ಲ, ಯಾವ ದಾನಿಯೂ ಇರಲಿಲ್ಲ. ಇದ್ದದ್ದು ಒಂದು ಕಾನೂನು, ಒಂದು ತೆರಿಗೆ. ಮುಂದಿನ ಕಥೆಯನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ರಸೀದಿಯ ಹುಟ್ಟು

ಮಾಲಿನ್ಯವನ್ನು ಕೊಟ್ಟು-ಕೊಳ್ಳುವ ವಸ್ತುವಾಗಿಸಬಹುದು ಎಂಬ ವಿಚಾರ ಬಂದದ್ದು ಬೇರೆ ಕಡೆಯಿಂದ. ಕೆನಡಾದ ಅರ್ಥಶಾಸ್ತ್ರಜ್ಞ ಜಾನ್ ಡೇಲ್ಸ್ 1968ರಲ್ಲಿಯೇ ಇದನ್ನು ಪುಸ್ತಕರೂಪದಲ್ಲಿ ವಿವರಿಸಿದ್ದ. ಒಟ್ಟು ಮಾಲಿನ್ಯಕ್ಕೆ ಸರ್ಕಾರ ಮಿತಿ ಹಾಕಲಿ, ಆ ಮಿತಿಯೊಳಗಿನ ಪರವಾನಗಿಗಳನ್ನು ಕಾರ್ಖಾನೆಗಳು ತಮ್ಮತಮ್ಮಲ್ಲಿ ಮಾರಿಕೊಳ್ಳಲಿ, ಅಗ್ಗದಲ್ಲಿ ಶುದ್ಧಿ ಮಾಡಬಲ್ಲವನು ಹೆಚ್ಚು ಶುದ್ಧಿ ಮಾಡಿ ಉಳಿಕೆಯನ್ನು ಮಾರಲಿ ಎಂಬುದು ಅದರ ತಿರುಳು. ಆಮ್ಲಮಳೆಗೆ ಕಾರಣವಾದ ಗಂಧಕದ ಡೈಆಕ್ಸೈಡನ್ನು ತಗ್ಗಿಸಲು ಅಮೆರಿಕ 1990ರ ಕಾಯಿದೆಯಲ್ಲಿ ಈ ಉಪಾಯವನ್ನೇ ಬಳಸಿತು. ಅಂದಾಜಿಗಿಂತ ಕಡಿಮೆ ಖರ್ಚಿನಲ್ಲಿ ಅದು ಫಲ ಕೊಟ್ಟಿತು.

ಇಂಗಾಲದ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಬ್ಬನ ಹೊಗೆಗೆ ಇನ್ನೊಬ್ಬನ ಮರ ಪರಿಹಾರವೆಂದು ಎಣಿಸಬಹುದಲ್ಲವೆ? 1988ರಲ್ಲಿ ಎಇಎಸ್ ಎಂಬ ಅಮೆರಿಕದ ವಿದ್ಯುತ್ ಕಂಪನಿ ಕನೆಕ್ಟಿಕಟ್ ರಾಜ್ಯದ ತನ್ನ ಕಲ್ಲಿದ್ದಲು ಸ್ಥಾವರದ ಹೊಗೆಗೆ ಪ್ರತಿಯಾಗಿ ಗ್ವಾಟೆಮಾಲಾದಲ್ಲಿ ಮರ ನೆಡಿಸಲು 20 ಲಕ್ಷ ಡಾಲರ್ ಕೊಟ್ಟಿತು. ರೈತರ ನೆರವಿನಿಂದ 5 ಕೋಟಿಗೂ ಹೆಚ್ಚು ಸಸಿ ನೆಡುವುದು ಯೋಜನೆ. ಇಂಗಾಲದ ಲೆಕ್ಕಕ್ಕಾಗಿಯೇ ಹಣ ಕೈಬದಲಾಯಿಸಿದ ಮೊದಲ ಪ್ರಸಂಗವೆಂದು ಇದನ್ನು ಹೇಳುತ್ತಾರೆ. ಮುಂದೆ ಮೌಲ್ಯಮಾಪನ ನಡೆದಾಗ ಯೋಜನೆ ಗುರಿಗಿಂತ ಬಹಳ ಹಿಂದೆ ಬಿದ್ದಿತ್ತು. ಕಲ್ಲಿದ್ದಲಿನ ಹೊಗೆಯಾದರೋ ಆಗಲೇ ಆಕಾಶ ಸೇರಿತ್ತು.

1997ರ ಕ್ಯೋಟೊ ಒಪ್ಪಂದ ಈ ವ್ಯವಹಾರಕ್ಕೆ ಅಂತರರಾಷ್ಟ್ರೀಯ ಮುದ್ರೆಯೊತ್ತಿತು. ಶ್ರೀಮಂತ ದೇಶಗಳು ಬಡ ದೇಶಗಳಲ್ಲಿ ಮಾಲಿನ್ಯ ತಗ್ಗಿಸುವ ಕೆಲಸಕ್ಕೆ ಹಣ ಕೊಟ್ಟು ಅದರ ಕ್ರೆಡಿಟ್ಟನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಾದ ‘ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ’ ಜಾರಿಗೆ ಬಂತು. ಕರ್ನಾಟಕಕ್ಕೂ ಅದರ ಪರಿಚಯವಾಯಿತು. ಆಗ ಕೋಲಾರ ಜಿಲ್ಲೆಯಲ್ಲಿದ್ದ ಬಾಗೇಪಲ್ಲಿಯಲ್ಲಿ ಕೂಲಿಕಾರ ಕುಟುಂಬಗಳಿಗೆ 5,500 ಸಣ್ಣ ಗೋಬರ್ ಗ್ಯಾಸ್ ಘಟಕಗಳನ್ನು ಕಟ್ಟಿಕೊಡುವ ಯೋಜನೆ 2005ರಲ್ಲಿ ಈ ವ್ಯವಸ್ಥೆಯಡಿ ನೋಂದಣಿಯಾಯಿತು. ಉಳಿದ ಸೌದೆ ಮತ್ತು ಸೀಮೆಎಣ್ಣೆಯ ಹೊಗೆಯೇ ಅಲ್ಲಿ ಕ್ರೆಡಿಟ್.

ಆದರೆ ಇದೇ ವ್ಯವಸ್ಥೆ ಇನ್ನೊಂದು ಮುಖವನ್ನೂ ತೋರಿಸಿತು. ಶೈತ್ಯಕಾರಕ ಅನಿಲ ತಯಾರಿಸುವ ಕಾರ್ಖಾನೆಗಳಲ್ಲಿ ಎಚ್‌ಎಫ್‌ಸಿ-23 ಎಂಬ ಉಪೋತ್ಪನ್ನ ಹುಟ್ಟುತ್ತದೆ. ಅದರ ಒಂದು ಟನ್ನನ್ನು ಇಂಗಾಲದ ಡೈಆಕ್ಸೈಡಿನ 11,700 ಟನ್ನಿಗೆ ಸಮವೆಂದು ಆಗ ಎಣಿಸುತ್ತಿದ್ದರು. ಅದನ್ನು ಸುಟ್ಟುಹಾಕಲು ತಗಲುವ ಖರ್ಚು ಅಲ್ಪ, ಸಿಗುವ ಕ್ರೆಡಿಟ್ ಅಪಾರ. ಚೀನಾ ಮತ್ತು ಭಾರತದ ಇಂಥ ಕೆಲವೇ ಕಾರ್ಖಾನೆಗಳು ಕ್ರೆಡಿಟ್ಟುಗಳ ದೊಡ್ಡ ಪಾಲನ್ನು ಬಾಚಿಕೊಂಡವು. ಸರಕಿಗಿಂತ ಕಸವೇ ಹೆಚ್ಚು ಲಾಭ ತರುತ್ತದೆ ಎಂದಾಗ ಕಸಕ್ಕಾಗಿಯೇ ಸರಕು ತಯಾರಿಸುತ್ತಿದ್ದಾರೆಂಬ ಆರೋಪ ಬಂತು. ಯುರೋಪ್ 2013ರಿಂದ ಈ ಕ್ರೆಡಿಟ್ಟುಗಳನ್ನು ತನ್ನ ಮಾರುಕಟ್ಟೆಯಿಂದ ಹೊರಗಿಟ್ಟಿತು. ಕಸದಿಂದ ರಸ ತೆಗೆಯುವ ಜಾಣತನಕ್ಕೂ ಒಂದು ಮಿತಿ ಇರಬೇಕೆಂಬ ಪಾಠ ಅದು.

ಬೆಲೆ ಕುಸಿದಾಗ

ಇಷ್ಟರ ನಡುವೆ ಅನಿಲ ಹೂಳುವ ಯೋಜನೆಗಳ ಗತಿ ಏನಾಯಿತು? ಅವಕ್ಕೂ ಕ್ಯೋಟೊ ಕ್ರೆಡಿಟ್ ಕೊಡಬೇಕೆ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಹೂತದ್ದು ಸೋರಿದರೆ ಹೊಣೆ ಯಾರದು? ಕಂಪನಿ ಮುಚ್ಚಿಹೋದರೆ ಕಾಯುವವರು ಯಾರು? ಬ್ರೆಜಿಲ್‌ನಂಥ ದೇಶಗಳು ವಿರೋಧಿಸಿದವು. ಕೊನೆಗೆ 2010ರ ಕಾನ್‌ಕುನ್ ಸಮ್ಮೇಳನದಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿತು. 2011ರ ಡರ್ಬನ್ ಸಮ್ಮೇಳನದಲ್ಲಿ ನಿಯಮಗಳು ಸಿದ್ಧವಾದವು. ಅಷ್ಟರಲ್ಲಿ ಅಂಗಡಿಯೇ ಖಾಲಿಯಾಗಿತ್ತು. 2008ರಲ್ಲಿ 20 ಯೂರೊ ಆಸುಪಾಸಿನಲ್ಲಿದ್ದ ಕ್ಯೋಟೊ ಕ್ರೆಡಿಟ್ಟಿನ ಬೆಲೆ 2012ರ ಕೊನೆಗೆ ಒಂದು ಯೂರೊಗೂ ಕೆಳಗಿಳಿಯಿತು. ಅನಿಲ ಹೂಳುವ ಒಂದೇ ಒಂದು ಯೋಜನೆಯೂ ಅದರಡಿ ನೋಂದಣಿಯಾಗಲಿಲ್ಲ.

ಯುರೋಪ್ ತನ್ನದೇ ಪ್ರಯೋಗವೊಂದನ್ನು ಮಾಡಿತು. 2005ರಲ್ಲಿ ಆರಂಭವಾದ ತನ್ನ ಇಂಗಾಲ ಮಾರುಕಟ್ಟೆಯ 30 ಕೋಟಿ ಪರವಾನಗಿಗಳನ್ನು ಬದಿಗಿಟ್ಟು, ಅವನ್ನು ಮಾರಿದ ಹಣದಿಂದ ಅನಿಲ ಹೂಳುವ ಸ್ಥಾವರಗಳನ್ನೂ ಹೊಸ ಬಗೆಯ ನವೀಕರಿಸಬಹುದಾದ ಇಂಧನ ಯೋಜನೆಗಳನ್ನೂ ಕಟ್ಟಿಸುವುದು ಉದ್ದೇಶ. ಎಣಿಸಿದ್ದು ಒಂದು, ಆದದ್ದು ಇನ್ನೊಂದು. ಆರ್ಥಿಕ ಹಿಂಜರಿತ ಬಂತು, ಕಾರ್ಖಾನೆಗಳು ಮಂದವಾದವು, ಪರವಾನಗಿಗಳು ಬೇಡಿಕೆಗಿಂತ ಹೆಚ್ಚಾದವು. 2008ರಲ್ಲಿ 30 ಯೂರೊ ಸಮೀಪಿಸಿದ್ದ ಬೆಲೆ 2013ರಲ್ಲಿ 5 ಯೂರೊಗಿಂತ ಕೆಳಗೆ ಹೋಯಿತು. ಆ ನಿಧಿಯಿಂದ ಅನಿಲ ಹೂಳುವ ಒಂದು ಸ್ಥಾವರವೂ ಎದ್ದು ನಿಲ್ಲಲಿಲ್ಲ. ಬ್ರಿಟನ್ 2015ರ ನವೆಂಬರ್‌ನಲ್ಲಿ ತನ್ನ 100 ಕೋಟಿ ಪೌಂಡಿನ ಸ್ಪರ್ಧಾ ಯೋಜನೆಯನ್ನು ಕೈಬಿಟ್ಟಿತು. ಅಮೆರಿಕದ ಮಿಸಿಸಿಪ್ಪಿಯಲ್ಲಿ ಕಟ್ಟುತ್ತಿದ್ದ ಕೆಂಪರ್ ಸ್ಥಾವರದ ಖರ್ಚು ಆರಂಭದ ಅಂದಾಜಿನ ಎರಡು ಪಟ್ಟನ್ನೂ ಮೀರಿ 700 ಕೋಟಿ ಡಾಲರ್ ದಾಟಿತು. 2017ರಲ್ಲಿ ಅದರ ಕಲ್ಲಿದ್ದಲು ಮತ್ತು ಇಂಗಾಲ ಹಿಡಿಯುವ ಭಾಗವನ್ನೇ ನಿಲ್ಲಿಸಬೇಕಾಯಿತು.

ಕಾರಣ ಸರಳ. ಇಂಥ ಸ್ಥಾವರಕ್ಕೆ ಹಾಕಿದ ಬಂಡವಾಳ ಮರಳಬೇಕಾದರೆ ಹದಿನೈದು, ಇಪ್ಪತ್ತು ವರ್ಷ ಬೇಕು. ಪೇಟೆಯ ಬೆಲೆಯಾದರೋ ವರ್ಷ ತುಂಬುವುದರೊಳಗೆ ನೆಲ ಕಚ್ಚಬಹುದು. ಅಂಥ ಬೆಲೆಯನ್ನು ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಈರುಳ್ಳಿಯ ಇಂದಿನ ಧಾರಣೆ ನೋಡಿ ತೆಂಗಿನ ತೋಟ ಇಡಲು ಹೊರಟಂತೆ ಆಗುತ್ತಿತ್ತು ಅದು.

ತಡೆದದ್ದು ಬೇರೆ, ತೆಗೆದದ್ದು ಬೇರೆ

ಹೊಸ ಅಧ್ಯಾಯಕ್ಕೆ ದಾರಿ ಮಾಡಿದ್ದು 2015ರ ಪ್ಯಾರಿಸ್ ಒಪ್ಪಂದ ಮತ್ತು 2018ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಹೊರತಂದ ವರದಿ. ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ಮಿತಗೊಳಿಸಬೇಕಾದರೆ ಹೊಗೆ ಬಿಡುವುದನ್ನು ತಗ್ಗಿಸಿದರಷ್ಟೇ ಸಾಲದು, ಈಗಾಗಲೇ ಬಿಟ್ಟದ್ದರಲ್ಲಿ ಒಂದಷ್ಟನ್ನು ಗಾಳಿಯಿಂದ ವಾಪಸು ತೆಗೆಯಬೇಕಾಗುತ್ತದೆ ಎಂದು ಅದು ಹೇಳಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಲ್ಲಿದ್ದಲು ಸ್ಥಾವರದ ಚಿಮಣಿಯಲ್ಲಿ ಹಿಡಿದ ಅನಿಲವನ್ನು ಹೂತರೆ ಅದು ಹೊಸ ಮಾಲಿನ್ಯವನ್ನು ತಡೆದಂತೆ. ತೊಟ್ಟಿಗೆ ಬೀಳುವ ನಲ್ಲಿಯನ್ನು ನಿಲ್ಲಿಸಿದ ಹಾಗೆ. ತೊಟ್ಟಿಯಲ್ಲಿ ಆಗಲೇ ತುಂಬಿರುವ ನೀರು ಅದರಿಂದ ಕಡಿಮೆಯಾಗುವುದಿಲ್ಲ. ನೀರನ್ನು ಮೊಗೆದು ಹೊರಚೆಲ್ಲುವ ಕೆಲಸವೇ ‘ನಿವಾರಣೆ’. ಅದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಯಂತ್ರಗಳಿಂದ ಬಯಲ ಗಾಳಿಯನ್ನೇ ಸೋಸಿ ಅನಿಲವನ್ನು ಹಿಡಿದು ಹೂಳುವುದು. ಎರಡು, ಗಿಡಮರಗಳು ಗಾಳಿಯಿಂದ ಹೀರಿಕೊಂಡ ಇಂಗಾಲವನ್ನು, ಅವುಗಳ ತ್ಯಾಜ್ಯವನ್ನು ಉರಿಸುವ ಸ್ಥಾವರದ ಹೊಗೆಯಲ್ಲಿ ಹಿಡಿದು ಹೂಳುವುದು.

ಬಯಲ ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನವು ನಾಲ್ಕು ಚಿಲ್ಲರೆ ಮಾತ್ರ. ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕುವ ಈ ಕೆಲಸ ಸಾಧ್ಯವೆಂದು ಭೌತವಿಜ್ಞಾನಿ ಕ್ಲಾಸ್ ಲಾಕ್ನರ್ 1999ರಲ್ಲಿ ವಾದಿಸಿದ್ದ. ಸ್ವಿಟ್ಜರ್ಲೆಂಡಿನಲ್ಲಿ ಇಬ್ಬರು ತರುಣ ಎಂಜಿನಿಯರುಗಳು, ಕ್ರಿಸ್ಟೋಫ್ ಗೆಬಾಲ್ಡ್ ಮತ್ತು ಯಾನ್ ವುರ್ಟ್ಸ್‌ಬಾಖರ್, 2009ರಲ್ಲಿ ಕ್ಲೈಮ್‌ವರ್ಕ್ಸ್ ಎಂಬ ಕಂಪನಿ ಕಟ್ಟಿದರು. ಹಿಡಿದದ್ದನ್ನು ಇಡಲು ಐಸ್‌ಲೆಂಡ್ ಜಾಗ ಕೊಟ್ಟಿತು. ಅಲ್ಲಿನ ಹೆಲ್ಲಿಶೇದಿಯಲ್ಲಿ 2012ರಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯೊಳಗೆ ಇಳಿಸಿದ್ದರು. ಎರಡು ವರ್ಷದೊಳಗೆ ಅದರ ಶೇಕಡಾ 95ಕ್ಕೂ ಹೆಚ್ಚು ಭಾಗ ಕಲ್ಲಾಗಿ ಹೋಗಿತ್ತು ಎಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಲ್ಲಾದದ್ದು ಸೋರುವ ಭಯವಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ‘ಓರ್ಕಾ’ ಸ್ಥಾವರ ಆರಂಭವಾಯಿತು. ವರ್ಷಕ್ಕೆ 4,000 ಟನ್ ಅದರ ಘೋಷಿತ ಸಾಮರ್ಥ್ಯ. ಜಗತ್ತು ನಾಲ್ಕು ಸೆಕೆಂಡಿನಲ್ಲಿ ಉಗುಳುವುದು ಅದಕ್ಕಿಂತ ಹೆಚ್ಚು. ಒಂದು ಟನ್ನಿನ ಖರ್ಚು ನೂರಾರು ಡಾಲರ್. ಇಷ್ಟು ದುಬಾರಿ ಸರಕನ್ನು, ಅದೂ ಮುಟ್ಟಲಾಗದ, ನೋಡಲಾಗದ ಸರಕನ್ನು ಯಾರು ಕೊಂಡಾರು?

ಮುಂಗಡ ಕೊಟ್ಟವರು

ಕೊಂಡವರು ಕಂಪ್ಯೂಟರ್ ಲೋಕದ ಕಂಪನಿಗಳು. ಇಂಟರ್‌ನೆಟ್ ಮೂಲಕ ಹಣಪಾವತಿ ನಡೆಸುವ ಸ್ಟ್ರೈಪ್ 2019ರಲ್ಲಿ, ವರ್ಷಕ್ಕೆ ಕನಿಷ್ಠ 10 ಲಕ್ಷ ಡಾಲರನ್ನು ಇದಕ್ಕಾಗಿ ಮೀಸಲಿಡುವುದಾಗಿ ಹೇಳಿತು. ಮರುವರ್ಷ ಕ್ಲೈಮ್‌ವರ್ಕ್ಸ್‌ನಿಂದ ಟನ್ನಿಗೆ 775 ಡಾಲರಿನಂತೆ ಮೊದಲ ಖರೀದಿ ಮಾಡಿತು. 2020ರ ಜನವರಿಯಲ್ಲಿ ಮೈಕ್ರೊಸಾಫ್ಟ್ ಇನ್ನೂ ದೊಡ್ಡ ಸಂಕಲ್ಪವನ್ನು ಸಾರಿತು: 1975ರಲ್ಲಿ ಸ್ಥಾಪನೆಯಾದಂದಿನಿಂದ ಕಂಪನಿ ನೇರವಾಗಿ ಮತ್ತು ವಿದ್ಯುತ್ ಬಳಕೆಯಿಂದ ಗಾಳಿಗೆ ಬಿಟ್ಟ ಇಂಗಾಲವನ್ನೆಲ್ಲ 2050ರೊಳಗೆ ವಾಪಸು ತೆಗೆಯುವುದು. 2022ರ ಏಪ್ರಿಲ್‌ನಲ್ಲಿ ಸ್ಟ್ರೈಪ್, ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್, ಶಾಪಿಫೈ, ಮೆಟಾ ಮತ್ತು ಮೆಕಿನ್ಸಿ ಸೇರಿ ‘ಫ್ರಾಂಟಿಯರ್’ ಎಂಬ ಒಕ್ಕೂಟ ರಚಿಸಿ 92.5 ಕೋಟಿ ಡಾಲರಿನ ಖರೀದಿಗೆ ಮಾತು ಕೊಟ್ಟವು.

ಈ ಉಪಾಯ ಹೊಸದಲ್ಲ. ಬಡ ದೇಶಗಳ ಮಕ್ಕಳನ್ನು ಬಾಧಿಸುವ ನ್ಯುಮೋಕಾಕಸ್ ಸೋಂಕಿಗೆ ಲಸಿಕೆ ಒದಗಿಸಲು 2009ರಲ್ಲಿ ಐದು ದೇಶಗಳು ಮತ್ತು ಗೇಟ್ಸ್ ಪ್ರತಿಷ್ಠಾನ ಸೇರಿ 150 ಕೋಟಿ ಡಾಲರಿನ ಇಂಥದೇ ವಾಗ್ದಾನ ಮಾಡಿದ್ದವು. ನೀವು ತಯಾರಿಸಿ, ನಿಗದಿತ ಬೆಲೆಗೆ ನಾವು ಕೊಳ್ಳುತ್ತೇವೆ ಎಂಬುದು ಅದರ ಸಾರ. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೊಂದಿಗೆ 2019ರ ನೊಬೆಲ್ ಹಂಚಿಕೊಂಡ ಮೈಕೆಲ್ ಕ್ರೆಮರ್ ಈ ವಿಚಾರವನ್ನು ಬೆಳೆಸಿದವರಲ್ಲಿ ಪ್ರಮುಖ. ಕೊಳ್ಳುವವನಿದ್ದಾನೆ ಎಂಬ ಭರವಸೆ ಮೊದಲು ಸಿಕ್ಕರೆ ತಯಾರಿಸುವವನು ಧೈರ್ಯ ಮಾಡುತ್ತಾನೆ.

ಬ್ಯಾಂಕಿನ ಕಣ್ಣಿನಿಂದ ನೋಡಿದರೆ ಇದರ ಮಹತ್ವ ಹೆಚ್ಚು ಅರ್ಥವಾಗುತ್ತದೆ. ಹತ್ತು ವರ್ಷ ಇಂತಿಷ್ಟು ಟನ್, ಇಂತಿಷ್ಟು ಬೆಲೆಗೆ ಕೊಳ್ಳುತ್ತೇನೆ ಎಂದು ಗಟ್ಟಿ ಕಂಪನಿಯೊಂದು ಬರೆದುಕೊಟ್ಟ ಕರಾರು ಸಾಲಕ್ಕೆ ಆಧಾರವಾಗುತ್ತದೆ. ಹಣದ ಬಹುಪಾಲು ಕೈಸೇರುವುದು ಅನಿಲ ನೆಲ ಸೇರಿ, ಮೂರನೆಯ ಸಂಸ್ಥೆ ಅದನ್ನು ಪರೀಕ್ಷಿಸಿ, ದಾಖಲೆ ಪುಸ್ತಕದಲ್ಲಿ ಕ್ರೆಡಿಟ್ ನಮೂದಾದ ಮೇಲೆಯೇ. ಒಮ್ಮೆ ಲೆಕ್ಕಕ್ಕೆ ಬಳಸಿದ ಕ್ರೆಡಿಟ್ಟನ್ನು ರದ್ದುಪಡಿಸಲಾಗುತ್ತದೆ, ಮತ್ತೆ ಮಾರುವಂತಿಲ್ಲ. ಹಿಂದಿನ ಸಾಹುಕಾರರ ಹುಂಡಿಯ ಹಾಗೆ ಇದೂ ನಂಬಿಕೆಯ ಕಾಗದ.

ಒಬ್ಬರಿಂದಲೇ ಆಗದ ಕೆಲಸ

ಈ ಕಾಗದದ ಬಲ ಎಷ್ಟೆಂಬುದನ್ನು ಸ್ಟಾಕ್‌ಹೋಮ್ ನಗರದ ಉದಾಹರಣೆಯಲ್ಲಿ ನೋಡಬಹುದು. ಅಲ್ಲಿನ ಮನೆಗಳಿಗೆ ಕೊಳವೆಗಳ ಮೂಲಕ ಶಾಖ ಒದಗಿಸುವ ಸ್ಟಾಕ್‌ಹೋಮ್ ಎಕ್ಸೆರ್ಜಿ ಸಂಸ್ಥೆ ಕಾಡಿನ ಮತ್ತು ಸಾಮಿಲ್ಲುಗಳ ಉಳಿಕೆಯನ್ನು ಉರಿಸುತ್ತದೆ. ಅದರ ಹೊಗೆಯಿಂದ ವರ್ಷಕ್ಕೆ 8 ಲಕ್ಷ ಟನ್ ಅನಿಲ ಹಿಡಿದು, ಹಡಗಿನಲ್ಲಿ ಸಾಗಿಸಿ ಸಮುದ್ರದಡಿಯಲ್ಲಿ ಹೂಳಿಸುವುದು ಯೋಜನೆ. 2024ರ ಮೇ ತಿಂಗಳಲ್ಲಿ ಮೈಕ್ರೊಸಾಫ್ಟ್ 33 ಲಕ್ಷ ಟನ್ನಿನ ಕ್ರೆಡಿಟ್ ಕೊಳ್ಳಲು ಒಪ್ಪಿತು. ಆದರೂ ಸಂಸ್ಥೆ ಕೆಲಸಕ್ಕೆ ಕೈಹಾಕಲಿಲ್ಲ. 2025ರ ಜನವರಿಯಲ್ಲಿ ಸ್ವೀಡನ್ ಸರ್ಕಾರ ಹರಾಜಿನ ಮೂಲಕ 2,000 ಕೋಟಿ ಕ್ರೋನರ್‌ವರೆಗಿನ ನೆರವು ಮಂಜೂರು ಮಾಡಿತು. ಹೂಡಿಕೆಯ ಅಂತಿಮ ನಿರ್ಧಾರವಾದದ್ದು ಆ ಬಳಿಕ, ಮಾರ್ಚ್‌ನಲ್ಲಿ. ಡೆನ್ಮಾರ್ಕಿನ ಓರ್ಸ್ಟೆಡ್ ಕಂಪನಿಯ ಯೋಜನೆಯಲ್ಲೂ ಅಷ್ಟೆ. ಸರ್ಕಾರದ ಇಪ್ಪತ್ತು ವರ್ಷದ ಕರಾರು ಒಂದು ಕಡೆ, ಮೈಕ್ರೊಸಾಫ್ಟಿನ ಖರೀದಿ ಇನ್ನೊಂದು ಕಡೆ, ಎರಡೂ ಸೇರಿದಾಗ ಮಾತ್ರ ಲೆಕ್ಕ ಕೂಡಿತು.

ಹೂಳುವ ಜಾಗವೂ ಬಹುಪಾಲು ಸರ್ಕಾರದ ಹಣದಿಂದಲೇ ಸಿದ್ಧವಾದದ್ದು. ನಾರ್ವೆಯ ಸಂಸತ್ತು 2020ರಲ್ಲಿ ಒಪ್ಪಿದ ಯೋಜನೆಯಂತೆ ಬರ್ಗೆನ್ ಸಮೀಪದ ಓಯ್‌ಗಾರ್ಡನ್‌ಗೆ ಹಡಗಿನಲ್ಲಿ ಬಂದ ದ್ರವ ಅನಿಲ ನೂರು ಕಿಲೋಮೀಟರ್ ಕೊಳವೆಯಲ್ಲಿ ಹರಿದು, ಸಮುದ್ರತಳದಿಂದ 2,600 ಮೀಟರ್ ಆಳಕ್ಕೆ ಇಳಿಯುತ್ತದೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಮೊದಲ ಬಾರಿಗೆ ಇಳಿದದ್ದು ಬ್ರೆವಿಕ್ ಎಂಬಲ್ಲಿನ ಸಿಮೆಂಟ್ ಕಾರ್ಖಾನೆಯ ಅನಿಲ.

ಅಮೆರಿಕದ ದಾರಿ ತೆರಿಗೆ ವಿನಾಯಿತಿಯದು. ಹೂತ ಟನ್ನಿಗೆ 2008ರಲ್ಲಿ 20 ಡಾಲರ್ ಇದ್ದ ವಿನಾಯಿತಿ 2022ರ ಕಾಯಿದೆಯಿಂದ 85 ಡಾಲರಿಗೆ ಏರಿತು. ಬಯಲ ಗಾಳಿಯಿಂದ ಹಿಡಿದದ್ದಕ್ಕೆ 180 ಡಾಲರ್. ಇದನ್ನು ನೆಚ್ಚಿಕೊಂಡು ಆಕ್ಸಿಡೆಂಟಲ್ ಎಂಬ ಎಣ್ಣೆ ಕಂಪನಿ ಪಶ್ಚಿಮ ಟೆಕ್ಸಾಸ್‌ನಲ್ಲಿ ವರ್ಷಕ್ಕೆ 5 ಲಕ್ಷ ಟನ್ ಸಾಮರ್ಥ್ಯದ ‘ಸ್ಟ್ರಾಟೋಸ್’ ಸ್ಥಾವರ ಕಟ್ಟಲು ಹೊರಟಿತು. ಬಂಡವಾಳ ಸಂಸ್ಥೆ ಬ್ಲ್ಯಾಕ್‌ರಾಕ್ 2023ರಲ್ಲಿ ಅದಕ್ಕೆ 55 ಕೋಟಿ ಡಾಲರ್ ಹಾಕಿತು. ಏರ್‌ಬಸ್, ಅಮೆಜಾನ್, ಮೈಕ್ರೊಸಾಫ್ಟ್ ಕ್ರೆಡಿಟ್ ಕೊಳ್ಳಲು ಮುಂದಾದವು. ಅರ್ಧ ಶತಮಾನದ ಹಿಂದೆ ಎಣ್ಣೆಗಾಗಿ ಅನಿಲ ಹೂತ ಪ್ರದೇಶವೇ ಅದು. ಕಂಪನಿಯ ಮುಖ್ಯ ವ್ಯಾಪಾರ ಈಗಲೂ ಎಣ್ಣೆಯೇ.

ತಕ್ಕಡಿಯ ಪ್ರಶ್ನೆ

ಅಂಗಡಿಯಲ್ಲಿ ಅಕ್ಕಿ ಕೊಳ್ಳುವವನು ತೂಕವನ್ನು ಕಣ್ಣಿಟ್ಟು ನೋಡುತ್ತಾನೆ. ತೂಕ ಕಡಿಮೆಯಾದರೆ ನಷ್ಟ ಅವನದು. ಲಸಿಕೆ ಕೆಲಸ ಮಾಡದಿದ್ದರೆ ಮಗು ಕಾಯಿಲೆ ಬೀಳುತ್ತದೆ, ತಾಯಿಗೆ ತಿಳಿಯುತ್ತದೆ. ಕ್ರೆಡಿಟ್ಟಿನ ವ್ಯಾಪಾರದಲ್ಲಿ ಮಾತ್ರ ಈ ಸ್ವಾಭಾವಿಕ ಕಾವಲಿಲ್ಲ. ಹೂತದ್ದಕ್ಕಿಂತ ಹೆಚ್ಚು ಬರೆದರೆ ಮಾರುವವನಿಗೆ ಹಣ ಹೆಚ್ಚು, ಕೊಳ್ಳುವವನಿಗೆ ಕೀರ್ತಿ ಹೆಚ್ಚು. ತಕ್ಕಡಿ ಸುಳ್ಳು ಹೇಳಿದರೆ ಇಬ್ಬರಿಗೂ ಲಾಭವೇ. ನಷ್ಟ ಅನುಭವಿಸುವ ಮೂರನೆಯವರು, ಅಂದರೆ ಮುಂದಿನ ತಲೆಮಾರಿನವರು, ಅಂಗಡಿಯಲ್ಲಿ ಹಾಜರಿರುವುದಿಲ್ಲ. ಗ್ವಾಟೆಮಾಲಾದ ಸಸಿಗಳಿಂದ ಎಚ್‌ಎಫ್‌ಸಿ ಕಾರ್ಖಾನೆಗಳವರೆಗೆ ಕಂಡ ದೋಷದ ಮೂಲ ಇದೇ.

ನೆಲದಡಿ ಹೂತದ್ದನ್ನು ಅಳೆಯುವುದು ಕಾಡಿನ ಇಂಗಾಲವನ್ನು ಅಂದಾಜು ಮಾಡುವುದಕ್ಕಿಂತ ಸುಲಭ ಎಂಬುದು ಹೊಸ ಕ್ರೆಡಿಟ್ಟುಗಳ ಪರವಾಗಿರುವ ಬಲವಾದ ವಾದ. ಕೊಳವೆಗೆ ಮೀಟರ್ ಇಡಬಹುದು, ಭೂಕಂಪನ ಅಲೆಗಳ ಸಮೀಕ್ಷೆಯಿಂದ ಆಳದ ಚಿತ್ರ ತೆಗೆಯಬಹುದು. ಆದರೂ ಎಚ್ಚರ ತಪ್ಪುವಂತಿಲ್ಲ. ಅಮೆರಿಕದ ಡಿಕೇಟರ್‌ನಲ್ಲಿ ನಿಗಾ ಬಾವಿಯೊಂದರಲ್ಲಿ ಸೋರಿಕೆ ಕಂಡು 2024ರಲ್ಲಿ ಅನಿಲ ಇಳಿಸುವುದನ್ನೇ ನಿಲ್ಲಿಸಬೇಕಾಯಿತು. ಯುರೋಪಿನ 2009ರ ನಿಯಮದಂತೆ ಬಾವಿ ಮುಚ್ಚಿದ ಮೇಲೆ ಸಾಮಾನ್ಯವಾಗಿ ಇಪ್ಪತ್ತು ವರ್ಷ ಕಂಪನಿಯದೇ ಹೊಣೆ. ಅನಿಲ ಅಲುಗದೆ ನಿಂತಿದೆ ಎಂದು ಖಾತ್ರಿಯಾದರೆ ಹೊಣೆ ಸರ್ಕಾರಕ್ಕೆ, ಅಂದರೆ ಜನರಿಗೆ, ಬರುತ್ತದೆ. ಕಂಪನಿಗಳ ಆಯುಸ್ಸು ಕಲ್ಲಿನ ಆಯುಸ್ಸಿಗೆ ಸಾಟಿಯಲ್ಲ.

ಇನ್ನೊಂದು ತೊಡಕು ಕೊಟ್ಟ ಮಾತಿಗೂ ಮುಟ್ಟಿಸಿದ ಸರಕಿಗೂ ಇರುವ ಅಂತರ. 2025ರವರೆಗೆ ಕರಾರಾದ ಇಂಥ ಕ್ರೆಡಿಟ್ಟುಗಳಲ್ಲಿ ನಿಜವಾಗಿ ಪೂರೈಕೆಯಾದದ್ದು ಸಣ್ಣ ಪಾಲು. ಐಸ್‌ಲೆಂಡಿನ ಓರ್ಕಾ ತನ್ನ ಘೋಷಿತ ಸಾಮರ್ಥ್ಯವನ್ನು ಮುಟ್ಟಲಿಲ್ಲವೆಂಬ ವರದಿ 2025ರಲ್ಲಿ ಬಂತು. ಅದೇ ವರ್ಷ ಕ್ಲೈಮ್‌ವರ್ಕ್ಸ್ ಸಿಬ್ಬಂದಿಯನ್ನು ಕಡಿತಗೊಳಿಸಿತು. ಖರೀದಿಯ ದೊಡ್ಡ ಪಾಲು ಒಂದೇ ಕಂಪನಿಯದು ಎಂಬುದೂ ಚಿಂತೆಯ ವಿಷಯ. ಒಬ್ಬನೇ ಗಿರಾಕಿಯನ್ನು ನಂಬಿದ ಸಂತೆ ಅವನು ಬಾರದ ದಿನ ನಿಲ್ಲುತ್ತದೆ. ಸ್ವೀಡನ್ ಸರ್ಕಾರ ನೆರವು ಕೊಟ್ಟು ತನ್ನ ದೇಶದ ಲೆಕ್ಕಕ್ಕೆ ಹಿಡಿದ ಟನ್ನನ್ನು ಮೈಕ್ರೊಸಾಫ್ಟ್ ಕೂಡ ತನ್ನ ಲೆಕ್ಕಕ್ಕೆ ಹಿಡಿಯಬಹುದೆ ಎಂಬ ವಾದವೂ ಎದ್ದಿದೆ. ಇಂಥ ಪ್ರಶ್ನೆಗಳಿಗೆ ನಿಯಮ ಕಟ್ಟಲೆಂದೇ ಐರೋಪ್ಯ ಒಕ್ಕೂಟ 2024ರಲ್ಲಿ ನಿವಾರಣೆಯ ಪ್ರಮಾಣೀಕರಣಕ್ಕೆ ಪ್ರತ್ಯೇಕ ಕಾನೂನು ಮಾಡಿತು.

ದಖನ್ನಿನ ಕಪ್ಪುಕಲ್ಲು

ಭಾರತವೂ ಈ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನಿಟ್ಟಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯಿದೆ ತಿದ್ದುಪಡಿಯಾಯಿತು. 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆ ಪ್ರಕಟವಾಯಿತು. ಸಿಮೆಂಟ್, ಅಲ್ಯೂಮಿನಿಯಂ ಮೊದಲಾದ ಉದ್ಯಮಗಳಿಗೆ 2025ರ ಅಕ್ಟೋಬರ್‌ನಲ್ಲಿ ಗುರಿಗಳು ನಿಗದಿಯಾದವು. ಐಸ್‌ಲೆಂಡಿನಲ್ಲಿ ಅನಿಲವನ್ನು ಕಲ್ಲಾಗಿಸಿದ ಬಸಾಲ್ಟ್ ಶಿಲೆ ದಖನ್ ಪ್ರಸ್ಥಭೂಮಿಯಲ್ಲಿ ವಿಪುಲವಾಗಿದೆ. ಬೀದರ್, ವಿಜಯಪುರ, ಬೆಳಗಾವಿ ಭಾಗದ ಎರೆಮಣ್ಣಿನ ಕೆಳಗಿರುವ ಕಪ್ಪುಕಲ್ಲು ಅದೇ ಜಾತಿಯದು. ಆ ಶಿಲೆಯನ್ನು ಪುಡಿಮಾಡಿ ಸಣ್ಣ ರೈತರ ಹೊಲಗಳಿಗೆ ಹರಡಿ, ಮಳೆನೀರಿನ ಮೂಲಕ ಗಾಳಿಯ ಇಂಗಾಲವನ್ನು ಬಂಧಿಸುವ ಕೆಲಸಕ್ಕಾಗಿ ಭಾರತದಲ್ಲಿ ತೊಡಗಿರುವ ಮಾಟಿ ಕಾರ್ಬನ್ ಸಂಸ್ಥೆ 2025ರಲ್ಲಿ ಎಕ್ಸ್‌ಪ್ರೈಜ್‌ನ 5 ಕೋಟಿ ಡಾಲರಿನ ಮೊದಲ ಬಹುಮಾನ ಪಡೆಯಿತು.

ಕಲಬುರಗಿ ಜಿಲ್ಲೆಯ ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳ ಉದಾಹರಣೆ ಇಲ್ಲಿ ಹೆಚ್ಚು ಬೋಧಪ್ರದ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿನ ಇಂಗಾಲವೇ ಅನಿಲವಾಗಿ ಹೊರಬೀಳುತ್ತದೆ. ಯಾವ ಇಂಧನ ಬಳಸಿದರೂ ಅದು ತಪ್ಪದು. ಅದನ್ನು ಹಿಡಿದು ಹೂತರೂ ಅದು ತಡೆಯೇ ಹೊರತು ನಿವಾರಣೆಯಲ್ಲ. ಆದ್ದರಿಂದ ದುಬಾರಿ ನಿವಾರಣಾ ಕ್ರೆಡಿಟ್ಟಿನ ಹಣ ಅದಕ್ಕೆ ಸಿಗದು. ನಾರ್ವೆಯ ಬ್ರೆವಿಕ್‌ನಲ್ಲಿ ಆ ಖರ್ಚಿನ ಬಹುಪಾಲನ್ನು ಸರ್ಕಾರ ಹೊತ್ತಿತು. ಸೇಡಂನಲ್ಲಿ ಹೊರುವವರು ಯಾರು ಎಂಬುದನ್ನು ದೇಶದ ಕಾನೂನೇ ತೀರ್ಮಾನಿಸಬೇಕು.

ಐವತ್ತು ವರ್ಷದ ಈ ಇತಿಹಾಸ ಹೇಳುವುದು ಇಷ್ಟು. ಎಣ್ಣೆಯ ಲಾಭದಿಂದ ಹೂತಾಗ ಎಣ್ಣೆಯೇ ಗೆದ್ದಿತು. ಪೇಟೆಯ ಬೆಲೆಯನ್ನು ನಂಬಿ ಹೊರಟಾಗ ಪೇಟೆ ಕೈಕೊಟ್ಟಿತು. ಸ್ವಯಂಪ್ರೇರಣೆಯ ಗಿರಾಕಿಗಳು ಬೀಗದ ಬಾಗಿಲನ್ನು ಮೊದಲು ತಟ್ಟಿದರು, ಕಲಿಕೆಯ ಮೊದಲ ಶುಲ್ಕವನ್ನು ಕೊಟ್ಟರು. ಆ ಉಪಕಾರ ಸಣ್ಣದಲ್ಲ. ಆದರೆ ಮೂರು ದಶಕದಿಂದ ಸದ್ದಿಲ್ಲದೆ ಅನಿಲವನ್ನು ನೆಲದಡಿ ಇಳಿಸಿಕೊಂಡು ಬಂದದ್ದು ಸ್ಲೈಪ್ನರ್. ಅದರ ಹಿಂದೆ ಇದ್ದದ್ದು ಯಾರ ಔದಾರ್ಯವೂ ಅಲ್ಲ, ಕಸ ಹಾಕಿದವನೇ ಅದರ ಬೆಲೆ ತೆರಬೇಕು ಎಂದು 1991ರಲ್ಲಿ ಒಂದು ಸಣ್ಣ ದೇಶ ಬರೆದುಕೊಂಡ ಕಾನೂನು.